ಕಿವಿಯಿಲ್ಲದ ತೊಗಲು

ಹಲಗೆಯ ಒಂದು ತುದಿಯನ್ನು ಎತ್ತರಿಸಿ, ಮೇಲೆ ಒದ್ದೆ ಉಣ್ಣೆಬಟ್ಟೆ ಹಾಸಿ, ರಾವ್ನಾ ಕೆಂಪು ಕಾಡುಹಣ್ಣನ್ನು ಬೊಗಸೆ ಬೊಗಸೆಯಾಗಿ ಉರುಳಿಸುತ್ತಿದ್ದಳು. ಹಣ್ಣು ಉರುಳಿ ಕೆಳಗಿನ ಬಕೆಟ್ಟಿಗೆ ಬೀಳುತ್ತಿತ್ತು. ಎಲೆ, ಕಡ್ಡಿ, ಪಾಚಿ ಎಲ್ಲ ಬಟ್ಟೆಗೆ ಅಂಟಿ ಅಲ್ಲೇ ಉಳಿಯುತ್ತಿತ್ತು. ಬಕೆಟ್ಟಿನ ಪಕ್ಕದಲ್ಲಿ ಕಾವಲು ಕೂತವಳು ಮಗಳು ಸುನ್ನಾ. ಬೇಲಿಯೇ ಹೊಲ ಮೇಯುತ್ತಿತ್ತು.

"ಖಾಲಿ ಹೊಟ್ಟೆಗೆ ಹುಳಿ ತಿನ್ಬೇಡ ಅಂತ ಎಷ್ಟು ಸಲ ಹೇಳ್ಲಿ ಸುನ್ನಾ?"

"ಖಾಲಿ ಹೊಟ್ಟೆ ಅಲ್ಲಮ್ಮ. ಆಗ್ಲೇ ಎರಡು ಮುಷ್ಟಿ ತಿಂದಾಗಿದೆ."

ಕಿಟಕಿಯ ಬಳಿ ಹೊಲಿಯುತ್ತ ಕೂತಿದ್ದ ಅಜ್ಜಿ ಮಾರ್ಗೆತ್ ನಕ್ಕಳು. ರಾವ್ನಾಳ ತಾಯಿ ಅವಳು. ಈ ಕಣಿವೆಯಲ್ಲಿ ಅವಳು ಹೊಲಿದ ಬೂಟು ಹಾಕದ ಕಾಲಿಲ್ಲ. ಕಣ್ಣು ಮಂಜಾದರೂ ಸೂಜಿ ಇನ್ನೂ ದಾರಿ ತಪ್ಪಿಲ್ಲ.

ಆಗ ಫೋನು ಬಡಿದುಕೊಂಡಿತು. ಹಣ್ಣಿನ ಕೈಯಲ್ಲೇ ರಾವ್ನಾ ಎತ್ತಿಕೊಂಡಳು.

"ಬೇಗ ಬಾ ಕಣೆ," ಎಂದಳು ಆ ಕಡೆಯಿಂದ ರಿಸ್ತೆನ್. ದನಿ ಸಣ್ಣಗಿತ್ತು. "ನಿಮ್ಮ ದೊಡ್ಡಪ್ಪ ಬಂದು ಬಾಗಿಲಲ್ಲೇ ಕೂತಿದಾರೆ. ತೊಗಲು ಕೊಡು, ಇಲ್ಲಾಂದ್ರೆ ಬೀಗ ಒಡೀತೀನಿ ಅಂತಾರೆ."

"ಮುಟ್ಟೋಕೆ ಬಿಡ್ಬೇಡ. ಬಂದೆ."

ಏಪ್ರಿಲಿನಲ್ಲಿ ಮಾಯವಾದ ಬಿಳಿಮೂತಿ, ಅಂದರೆ ದೊಡ್ಡಪ್ಪ ಹೆಯ್ಕಾನ ಹಿಂಡಿನ ಮುಂದೆ ನಡೆಯುತ್ತಿದ್ದ ಹಿಮಸಾರಂಗ, ಈ ವಾರ ತೊಗಲು ಹದ ಮಾಡುವ ರಿಸ್ತೆನಳ ತೊಗಟೆನೀರಿನ ತೊಟ್ಟಿಯಿಂದ ಬರೀ ತೊಗಲಾಗಿ ಎದ್ದಿತ್ತು ಎಂಬುದು ಹೆಯ್ಕಾನ ವಾದ. ಹೌದೆನ್ನಲು, ಅಲ್ಲವೆನ್ನಲು ಆ ತೊಗಲಿಗೆ ಕಿವಿಗಳಿರಲಿಲ್ಲ. ಒಡೆಯನ ಗುರುತನ್ನು ಕೊಯ್ಯುವುದು ಸಾರಂಗದ ಕಿವಿಯಲ್ಲಿ. ಕಿವಿ ಹೋದರೆ ಒಡೆತನ ಹೋಯಿತು.

ಸಾರಂಗ ಕಳ್ಳತನಗಳನ್ನು ನೋಡಿಕೊಳ್ಳುವ ಪೊಲೀಸಿನ ಕೆಲಸ ರಾವ್ನಾಳದು. ಶನಿವಾರ ರಜೆ ಎಂಬುದು ಕಳ್ಳನಿಗೂ ಗೊತ್ತಿಲ್ಲ, ದೂರು ಕೊಡುವವನಿಗೂ ಗೊತ್ತಿಲ್ಲ. ಅವಳು ಕೈ ತೊಳೆದು ಸಮವಸ್ತ್ರದ ಜಾಕೀಟು ಹುಡುಕಿದಳು.

"ಕೊಟ್ಬಿಡು ಆ ತೊಗಲನ್ನ ಅವನಿಗೇ," ಎಂದಳು ಮಾರ್ಗೆತ್, ಹೊಲಿಗೆಯಿಂದ ತಲೆಯೆತ್ತದೆ. "ಸತ್ತ ಪ್ರಾಣಿ ಎದ್ದು ಬರುತ್ತಾ?"

"ಸತ್ತ ಪ್ರಾಣಿ ಬರಲ್ಲಮ್ಮ. ಸಂಜೆ ಕೂಟ ಇದೆಯಲ್ಲ, ಬದುಕಿರೋ ರಿಸ್ತೆನ್ ಗತಿ ಏನು?"

ಮಾರ್ಗೆತ್ ದಾರವನ್ನು ಹಲ್ಲಿನಿಂದ ಕಡಿದಳು. "ಮಗೂನಾದ್ರೂ ಇಲ್ಲೇ ಬಿಟ್ಟು ಹೋಗು."

"ನಾನೂ ಹೋಗ್ತೀನಿ!" ಸುನ್ನಾ ಆಗಲೇ ಒಂದು ಬೂಟಿನೊಳಗೆ ಕಾಲಿಟ್ಟಾಗಿತ್ತು. ಎಡಗಾಲಿಗೆ ಬಲಗಾಲಿನದು.

ಕಾಲಿನಿಂದ ಬೂಟು ಕಿತ್ತು, ತಿರುಗಿಸಿ ಹಾಕಿ, ತಲೆಗೆ ಟೋಪಿ ಏರಿಸಿ, ಜೇಬಿಗೆ ಒಂದು ತುಂಡು ರೊಟ್ಟಿ ತುರುಕಿ, ರಾವ್ನಾ ಮಗಳನ್ನು ಜೀಪಿಗೆ ಹತ್ತಿಸಿದಳು. ಹಣ್ಣಿನ ಹಲಗೆ ಅರ್ಧಕ್ಕೇ ನಿಂತಿತು.

ಹೊಳೆಯ ಪಕ್ಕದ ದಾರಿಯಲ್ಲಿ ಬರ್ಚ್ ಎಲೆಗಳು ಹಳದಿಗೆ ತಿರುಗಿದ್ದವು. ಸೊಳ್ಳೆಯ ಕಾಲ ಮುಗಿದು ಮೊದಲ ಹಿಮಕ್ಕೆ ಇನ್ನೂ ಸಮಯವಿತ್ತು. ವರ್ಷದಲ್ಲಿ ಮೈಗೆ ಸುಖವಾದ ದಿನಗಳೆಂದರೆ ಇವೇ. ಆದರೆ ರಾವ್ನಾಳ ಮನಸ್ಸು ಸಂಜೆಯ ಮೇಲಿತ್ತು.

ಒಟ್ಟಿಗೆ ಸಾರಂಗ ಮೇಯಿಸುವ ಮನೆಗಳೆಲ್ಲ ಸಂಜೆ ಕೂಟ ಸೇರುತ್ತವೆ. ಇನ್ನೆರಡು ವಾರಕ್ಕೆ ಹಿಂಡು ಕರಾವಳಿಯಿಂದ ವಾಪಸು ಬರುತ್ತದೆ. ಬಂದ ಮೇಲೆ ಕಡಿಯುವ ಕೆಲಸ. ಕಡಿದ ಪ್ರಾಣಿಗಳ ತೊಗಲನ್ನು ಈ ಸಲವೂ ರಿಸ್ತೆನಳಿಗೆ ಕೊಡಬೇಕೇ ಬೇಡವೇ ಎಂದು ಕೂಟ ಕೈಯೆತ್ತಿ ತೀರ್ಮಾನಿಸುತ್ತದೆ. ಕಳ್ಳಿಯೆಂದು ಹೆಸರು ಬಂದವಳಿಗೆ ಯಾರು ತೊಗಲು ಕೊಡುತ್ತಾರೆ? ಈ ಕಣಿವೆಯ ತೊಗಲಲ್ಲದೆ ಬೇರೆ ತೊಗಲು ಮುಟ್ಟುವುದಿಲ್ಲ ಎಂದವಳು ಅವಳು. ಕೂಟ ಕೈಬಿಟ್ಟರೆ ಅವಳ ತೊಟ್ಟಿಗಳು ಒಣಗಿದಂತೆಯೇ.

"ಅಮ್ಮಾ."

"ಹ್ಞೂಂ?"

"ಒಂದು ಕೇಳ್ಲಾ?"

ಎದುರಿಗೆ ಮರದ ಲಾರಿ ಬರುತ್ತಿತ್ತು. ರಾವ್ನಾ ಜೀಪನ್ನು ಅಂಚಿಗೆ ಇಳಿಸಿದಳು. "ಆಮೇಲೆ ಕೇಳು ಚಿನ್ನ."

ಸುನ್ನಾ ಜೇಬಿನ ರೊಟ್ಟಿ ತೆಗೆದು ಕಚ್ಚಿದಳು.

ರಿಸ್ತೆನಳ ಕೊಟ್ಟಿಗೆ ಕಾಣುವ ಮೊದಲೇ ಅದರ ವಾಸನೆ ಸಿಗುತ್ತದೆ. ಕುದಿಸಿದ ವಿಲೋ ಮರದ ತೊಗಟೆಯ ಒಗರು ವಾಸನೆ ಅದು. ಕಡುಕಾಫಿಗೆ ಹೊಗೆ ಸೇರಿದ ಹಾಗೆ. ಒಳಗೆ ಮರದ ತೊಟ್ಟಿಗಳಲ್ಲಿ ಕಂದು ನೀರು, ನೀರೊಳಗೆ ಕೂದಲು ಕಳೆದ ತೊಗಲುಗಳು.

ಹೆಯ್ಕಾ ಬಾಗಿಲಲ್ಲಿ ಪೀಪಾಯಿ ಬೋರಲು ಹಾಕಿಕೊಂಡು ಕೂತಿದ್ದ. ಒಣಮಾಂಸದ ತುಂಡೊಂದನ್ನು ಚಾಕುವಿನಿಂದ ಹೆರೆದು ಹೆರೆದು ಬಾಯಿಗೆ ಹಾಕಿಕೊಳ್ಳುತ್ತಿದ್ದ. ರಾವ್ನಾಳ ಅಪ್ಪನ ಅಣ್ಣ. ಎಪ್ಪತ್ತು ದಾಟಿದರೂ ಹಿಂಡಿನ ಜೊತೆ ನಡೆಯುವುದನ್ನು ಬಿಟ್ಟದ್ದು ಈ ಬೇಸಿಗೆಯಲ್ಲಿ ಮಾತ್ರ. ಮುಂದೆ ನಡೆಯುವ ಬಿಳಿಮೂತಿ ಇಲ್ಲದ ಮೇಲೆ ತಾನು ಹಿಂದೆ ನಡೆದು ಏನು ಮಾಡಲಿ ಎಂದಿದ್ದ.

"ಬಂದ್ಲಪ್ಪ ಪೊಲೀಸಮ್ಮ," ಎಂದ. "ಜೊತೆಗೆ ದೊಡ್ಡ ಪೊಲೀಸಮ್ಮ ಬೇರೆ. ಬಾರೇ ಸುನ್ನಾ, ಮಾಂಸ ತಿಂತೀಯಾ?"

ಸುನ್ನಾ ತಾಯಿಯ ಮುಖ ನೋಡಿ, ಒಪ್ಪಿಗೆ ಸಿಕ್ಕಿದ್ದೇ ತಡ ಕೈ ಚಾಚಿದಳು.

"ದೊಡ್ಡಪ್ಪ, ಬೀಗ ಒಡೀತೀನಿ ಅಂದ್ರಂತೆ?"

"ಒಡೀಲಿಲ್ಲವಲ್ಲ. ಅಂದೆ ಅಷ್ಟೆ. ಅನ್ನೋದು ಅಪರಾಧವಾ ನಿನ್ನ ಕಾನೂನಲ್ಲಿ?"

"ಒಳಗೆ ಬನ್ನಿ. ಮೂವರೂ ಸೇರಿ ನೋಡೋಣ. ತೊಗಲು ಏನು ಹೇಳುತ್ತೋ ಅದು. ಆಮೇಲೆ ನೀವು ಕೂಟಕ್ಕೆ ಏನು ಬೇಕಾದ್ರೂ ಹೇಳಿ."

"ನಾನೂ," ಎಂದಳು ಸುನ್ನಾ ಬಾಯಿ ತುಂಬ ಮಾಂಸ ಇಟ್ಟುಕೊಂಡು. "ನಾಲ್ವರು."

ರಿಸ್ತೆನ್ ಮೊಣಕೈವರೆಗೆ ಕಂದು ಬಣ್ಣ ಹತ್ತಿದ ಕೈಗಳಿಂದ ಬಾಗಿಲು ತೆಗೆದಳು. ಶಾಲೆಯಲ್ಲಿ ರಾವ್ನಾಳ ಪಕ್ಕದ ಬೆಂಚಿನವಳು. ಗಂಡ ಹೋದ ಮೇಲೆ ಹಿಂಡನ್ನು ತಮ್ಮನಿಗೆ ಒಪ್ಪಿಸಿ ಈ ಕೆಲಸ ಹಿಡಿದಿದ್ದಳು. ಅದಕ್ಕೂ ಮೊದಲು ಇಲ್ಲಿ ಮಾಂಸ ಪೇಟೆಗೆ ಹೋಗುತ್ತಿತ್ತು, ತೊಗಲು ಗುಂಡಿಗೆ ಹೋಗುತ್ತಿತ್ತು. ಅಂಗಡಿಯಲ್ಲಿ ಕೊಳ್ಳುವ ಬೆಲ್ಟು ಮಾತ್ರ ಎಲ್ಲಿಂದಲೋ ಹಡಗಿನಲ್ಲಿ ಬರುತ್ತಿತ್ತು. ಅವಳು ಗುಂಡಿಗೆ ಹೋಗುವುದನ್ನು ತಡೆದಳು. ಹೊಳೆದಂಡೆಯ ವಿಲೋ ತೊಗಟೆ, ನಮ್ಮ ಬೆಟ್ಟದಲ್ಲಿ ಮೇದ ಪ್ರಾಣಿ, ಇಲ್ಲಿಯದೇ ನೀರು. ಈಗ ದಕ್ಷಿಣದ ಚೀಲ ಹೊಲಿಯುವವರು ಅವಳ ತೊಗಲಿಗೆ ಕಾದು ಕೂರುತ್ತಾರೆ. ಯಾವ ತೊಗಲು ಯಾರ ಹಿಂಡಿನದು ಎಂದು ಕೇಳಿದರೆ ಅವಳು ಬೆರಳಿಟ್ಟು ತೋರಿಸಬಲ್ಲಳು.

ಅವಳು ತೋರಿಸುವ ರೀತಿಯೂ ಅವಳದ್ದೇ. ಚೀಟಿ ಕಟ್ಟಿದರೆ ತೊಟ್ಟಿಯಲ್ಲಿ ಕರಗುತ್ತದೆ, ಬರೆದರೆ ಅಳಿಸುತ್ತದೆ. ಆದ್ದರಿಂದ ಹಸಿ ತೊಗಲು ಬಂದ ದಿನವೇ, ಕಿವಿಯಲ್ಲಿ ಇದ್ದ ಗುರುತನ್ನು ಬಾಲದ ಬಳಿಯ ಅಂಚಿನಲ್ಲಿ ಚಿಕ್ಕದಾಗಿ ಕೊಯ್ದು ಬಿಡುತ್ತಾಳೆ. ಕಿವಿ ಹೋದರೂ ಗುರುತು ಉಳಿಯುತ್ತದೆ.

ಈ ತೊಗಲಿನಲ್ಲೂ ಗುರುತಿತ್ತು. ಎರಡು ಕಚ್ಚು, ನಡುವೆ ಒಂದು ಮೊನೆ. ರಿಸ್ತೆನಳ ಸ್ವಂತ ಹಿಂಡಿನ ಗುರುತು ಅದು. ಗುಟ್ಟಾಗಿ ಕೊಂದು, ಕಿವಿ ಎಸೆದು, ತನ್ನ ಗುರುತು ಹಾಕಿಕೊಂಡಳು ಎಂದು ಹೆಯ್ಕಾ ಊರೆಲ್ಲ ಹೇಳಿಕೊಂಡು ತಿರುಗಿದ್ದು ಅದಕ್ಕೇ.

ರಾವ್ನಾ ತೊಗಲನ್ನು ತೊಟ್ಟಿಯಿಂದ ಎತ್ತಿ, ನೀರು ಹಿಂಡಿ, ಕಿಟಕಿಯ ಬೆಳಕಿಗೆ ಅಡ್ಡತೊಲೆಯ ಮೇಲೆ ಹರವಿದಳು. "ಸುನ್ನಾ, ಆ ತುದಿ ಹಿಡ್ಕೋ. ಎಳೀಬೇಡ, ಹಿಡ್ಕೊಂಡ್ರೆ ಸಾಕು."

ಬೆಳಕು ತೊಗಲಿನ ಮೂಲಕ ಚುಕ್ಕೆ ಚುಕ್ಕೆಯಾಗಿ ಬಂತು. ಬೆನ್ನುಹುರಿಯ ಎರಡೂ ಕಡೆ ಸಣ್ಣ ತೂತುಗಳು. ಯಾರೋ ದಬ್ಬಣ ಹಿಡಿದು ಚುಚ್ಚಿದ ಹಾಗೆ.

"ನೊಣದ ತೂತು," ಎಂದಳು ರಾವ್ನಾ.

ಬೇಸಿಗೆಯಲ್ಲಿ ನೊಣ ಸಾರಂಗದ ಕೂದಲಿಗೆ ಮೊಟ್ಟೆ ಇಡುತ್ತದೆ. ಹುಳು ತೊಗಲಿನಡಿಗೆ ಇಳಿದು ಚಳಿಗಾಲವಿಡೀ ಅಲ್ಲಿ ಬೆಳೆಯುತ್ತದೆ. ಚಳಿಗಾಲದ ಕೊನೆಗೆ ಉಸಿರಾಡಲು ಬೆನ್ನಲ್ಲಿ ತೂತು ಕೊರೆದು, ಹಿಮ ಕರಗುವಾಗ ಉದುರಿ ಹೋಗುತ್ತದೆ. ಬೇಸಿಗೆಗೆ ತೂತು ಕೂಡಿಕೊಳ್ಳುತ್ತದೆ.

"ಶರತ್ಕಾಲದಲ್ಲಿ ಕಡಿದ ತೊಗಲಾಗಿದ್ರೆ ಇದೆಲ್ಲ ಮುಚ್ಚಿ ಬರೀ ಕಲೆ ಇರ್ಬೇಕಿತ್ತು. ಇಲ್ಲಿ ಬೆರಳು ಹಾಕಿದ್ರೆ ಆಚೆ ಬರುತ್ತೆ. ಪ್ರಾಣಿ ಸತ್ತಿದ್ದು ಹಿಮ ಕರಗೋ ಮುಂಚೆ. ಮಾರ್ಚು, ಏಪ್ರಿಲ್ಲು."

"ನನ್ನ ತೊಗಲೆಲ್ಲ ಹೋದ ಸೆಪ್ಟೆಂಬರಿಂದು," ಎಂದಳು ರಿಸ್ತೆನ್.

"ಅದನ್ನೇ ನಾನೂ ಹೇಳ್ತಿರೋದು!" ಹೆಯ್ಕಾ ತೊಡೆ ತಟ್ಟಿದ. "ಏಪ್ರಿಲ್ಲಲ್ಲಿ ಯಾವುದು ಕಾಣೆಯಾಯ್ತು? ಬಾಯಲ್ಲೇ ಒಪ್ಕೊಂಡ್ಲಲ್ಲ ಮಹಾತಾಯಿ."

"ಒಪ್ಕೊಂಡಿಲ್ಲ ಹೆಯ್ಕಾ ಮಾವ. ಇದು ನನ್ನದಲ್ಲ ಅಂದೆ."

"ನಿನ್ನದಲ್ಲ, ಸರಿ. ನನ್ನದು. ನಿನ್ನ ತೊಟ್ಟೀಲಿತ್ತು."

ರಾವ್ನಾ ತೊಗಲನ್ನು ಮೆಲ್ಲಗೆ ಸರಿಸಿದಳು. ಬಲ ಪಕ್ಕೆಯ ಹತ್ತಿರ ಉದ್ದಕ್ಕೊಂದು ಗೆರೆ. ಗೆರೆಯ ಎರಡೂ ಬದಿಗೆ ಮೀನಿನ ಮುಳ್ಳಿನಂತೆ ಚಿಕ್ಕ ಗೆರೆಗಳು. ಹಳೆಯ ಗಾಯಕ್ಕೆ ಹಾಕಿದ ಹೊಲಿಗೆ.

"ದೊಡ್ಡಪ್ಪ, ಇದು ನೋಡಿ."

ಹೆಯ್ಕಾ ಎದ್ದು ಬಂದ. ಬಾಯಲ್ಲಿದ್ದ ಮಾಂಸ ಅಗಿಯುವುದು ನಿಂತಿತು. ಹೆಬ್ಬೆರಳಿನಿಂದ ಆ ಗೆರೆಯನ್ನು ಉದ್ದಕ್ಕೂ ಸವರಿದ.

"ನಾನೇ ಹೊಲಿದಿದ್ದು," ಎಂದ. ದನಿಯಲ್ಲಿ ಜಗಳವಿರಲಿಲ್ಲ. "ಇನ್ನೊಂದು ಗಂಡು ಕೊಂಬಿನಿಂದ ಸೀಳಿತ್ತು. ಹಿಮದಲ್ಲಿ ಮಂಡಿಯೂರಿ ನರದ ದಾರದಲ್ಲಿ ಹೊಲಿದೆ. ಒಂದು ಸಲ ಒದೀಲಿಲ್ಲ. ನನ್ನ ಕೈಯನ್ನೇ ನೋಡ್ಕೊಂಡು ನಿಂತಿತ್ತು, ಪಾಪದ್ದು."

ರಿಸ್ತೆನ್ ತಲೆ ತಗ್ಗಿಸಿದಳು.

ಸಂಶಯವೇ ಉಳಿಯಲಿಲ್ಲ. ಇದು ಬಿಳಿಮೂತಿಯೇ. ಗೆಳತಿಯ ಪರವಾಗಿ ಒಂದು ಮಾತು ಸಿಗಲಿ ಎಂದು ದಾರಿಯುದ್ದಕ್ಕೂ ಹಾರೈಸಿಕೊಂಡು ಬಂದಿದ್ದ ರಾವ್ನಾ, ಅವಳ ವಿರುದ್ಧದ ಎರಡು ಮಾತನ್ನು ತನ್ನ ಕೈಯಾರೆ ತೋರಿಸಿಕೊಟ್ಟಿದ್ದಳು. ಆದರೆ ತೊಗಲು ಹೇಳಿದ್ದನ್ನು ಅರ್ಧ ಕೇಳಿ ಅರ್ಧ ಬಿಡುವ ಹಾಗಿಲ್ಲವಲ್ಲ. ಅವಳು ಬಾಲದ ತುದಿಗೆ ಬಂದಳು.

"ರಿಸ್ತೆನ್, ನಿನ್ನ ಬೇರೆ ತೊಗಲು ಒಂದು ಕೊಡು. ಯಾವುದಾದ್ರೂ ಸರಿ."

ರಿಸ್ತೆನ್ ಪಕ್ಕದ ತೊಟ್ಟಿಯಿಂದ ಒಂದನ್ನು ಎಳೆದು ತಂದಳು. ರಾವ್ನಾ ಎರಡೂ ಗುರುತುಗಳನ್ನು ಅಕ್ಕಪಕ್ಕ ಇಟ್ಟಳು.

"ದೊಡ್ಡಪ್ಪ, ಕನ್ನಡಕ ಹಾಕ್ಕೊಳ್ಳಿ."

"ನನ್ನ ಕಣ್ಣಿಗೇನಾಗಿದೆ?"

"ಏನೂ ಆಗಿಲ್ಲ. ಹಾಕ್ಕೊಳ್ಳಿ."

ಗೊಣಗುತ್ತ ಹಾಕಿಕೊಂಡ.

"ಇದು ರಿಸ್ತೆನ್ ಹಸಿಯಲ್ಲಿ ಕೊಯ್ದಿದ್ದು. ನೀರಲ್ಲಿ ನೆನೆದು, ಕೂದಲು ಕಳೆದು, ತೊಗಟೆ ನೀರು ಕುಡಿದು, ಕಚ್ಚಿನ ಅಂಚು ತುಟಿ ಹಾಗೆ ದುಂಡಗಾಗಿದೆ, ಒಳಕ್ಕೆ ಮಡಚ್ಕೊಂಡಿದೆ. ಮುಟ್ಟಿ ನೋಡಿ. ಈಗ ಬಿಳಿಮೂತಿದು ಮುಟ್ಟಿ."

ಹೆಯ್ಕಾ ಮುಟ್ಟಿದ. ಅಂಚು ಚೂಪಾಗಿ, ನೇರವಾಗಿ, ನಿನ್ನೆ ಕತ್ತರಿಸಿದ ಬೆಲ್ಟಿನ ಹಾಗಿತ್ತು.

"ಹದ ಆದ್ಮೇಲೆ ಕೊಯ್ದಿದ್ದು," ಎಂದ ನಿಧಾನವಾಗಿ.

"ಹೌದು. ಈ ತೊಗಲು ಇಲ್ಲಿಗೆ ಬರೋ ಹೊತ್ತಿಗೆ ಹದ ಆಗಿತ್ತು. ಬೇರೆ ಯಾವುದೋ ತೊಟ್ಟೀಲಿ. ಯಾರೋ ತಂದು, ರಿಸ್ತೆನ್ ಗುರುತು ಕೊಯ್ದು, ಇದರೊಳಗೆ ಮುಳುಗಿಸಿ ಹೋಗಿದಾರೆ."

"ಬೀಗ?"

"ತೊಗಟೆ ತರೋಕೆ ಹೊಳೆಗೆ ಹೋದ್ರೆ ನಾನು ಬೀಗ ಹಾಕಲ್ಲ," ಎಂದಳು ರಿಸ್ತೆನ್. "ಹಾಕ್ತಿರೋದು ನೀವು ಗಲಾಟೆ ಶುರು ಮಾಡಿದ್ಮೇಲೆ."

ಹೆಯ್ಕಾ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. ಸೋಲನ್ನು ಒಪ್ಪುವ ಮನುಷ್ಯನಲ್ಲ. "ಅಲ್ವೇ, ನನಗೊಂದು ಅರ್ಥ ಆಗಲ್ಲ. ಕದ್ದು ಕೊಂದವನು ಮಾಂಸ ಹೊತ್ಕೊಂಡು ಓಡ್ಬೇಕು. ತೊಗಲು ಯಾಕೆ ಇಟ್ಕೊಂಡ? ಕಾಗೆಗೆ ಬಿಟ್ಟಿದ್ರೆ ನಾವು ಹುಡುಕಿ ಹುಡುಕಿ ಸಾಯ್ತಿದ್ವಿ."

ರಾವ್ನಾಳನ್ನು ಈಗ ಕಾಡಿದ್ದೂ ಇದೇ. ಹೊರಗಿನ ಕಳ್ಳ ತೊಗಲನ್ನು ಹಿಮದಲ್ಲಿ ಬಿಟ್ಟು ಹೋಗುತ್ತಿದ್ದ. ಪುಕ್ಕಲ ಕಳ್ಳನಾದರೆ ಸುಟ್ಟುಬಿಡುತ್ತಿದ್ದ. ಇದನ್ನು ನೆನೆಹಾಕಿ, ಹೆರೆದು, ತಿಂಗಳುಗಟ್ಟಲೆ ಹದ ಮಾಡಿದ್ದಾರೆ. ಸಿಕ್ಕಿಬೀಳುತ್ತೇನೆಂಬ ಹೆದರಿಕೆಗಿಂತ ಒಳ್ಳೆಯ ತೊಗಲು ಹಾಳಾಗುತ್ತದಲ್ಲ ಎಂಬ ಸಂಕಟ ದೊಡ್ಡದಾದವರು. ಚಿಕ್ಕಂದಿನಲ್ಲಿ ತೊಗಲಿನ ಚೂರು ಒಲೆಗೆ ಎಸೆದದ್ದಕ್ಕೆ ಏಟು ತಿಂದವರು.

"ನಮ್ಮವರೇ, ದೊಡ್ಡಪ್ಪ," ಎಂದಳು. "ಬೇರೆಯವರಾಗಿದ್ರೆ ಈ ತಪ್ಪು ಮಾಡ್ತಿರ್ಲಿಲ್ಲ."

"ನಮ್ಮವರಲ್ಲಿ ತೊಗಟೆ ಕುದಿಸೋರು ಇವಳೊಬ್ಬಳೇ."

"ಮನೆ ಖರ್ಚಿಗೆ ಅಂತ ಬಾನಿಯಲ್ಲಿ ಒಂದೋ ಎರಡೋ ಹಾಕೋರು ಇನ್ನೂ ಇದಾರೆ." ಹೇಳುತ್ತಲೇ ರಾವ್ನಾ ತೊಗಲಿನ ಹಿಂಗಾಲಿನ ಕಡೆ ಬಂದಳು. ಅಲ್ಲಿ ಅವಳ ಬೆರಳು ನಿಂತಿತು.

ಸಾರಂಗದ ಕಾಲಿನ ತೊಗಲು ಬೂಟಿಗೆ. ಮೈತೊಗಲು ಸುಲಿಯುವಾಗಲೇ ಅದನ್ನು ಬೇರೆ ಮಾಡುತ್ತಾರೆ. ಮಂಡಿಯ ಹತ್ತಿರ ಅಡ್ಡಕ್ಕೆ ಒಂದು ಗೀರು, ಮುಗಿಯಿತು. ರಿಸ್ತೆನಳ ಬೇರೆ ತೊಗಲುಗಳಲ್ಲಿ ಕಾಲಿನ ಅಂಚು ಹಾಗೇ ನೇರವಾಗಿತ್ತು.

ಇದರಲ್ಲಿ ಹಾಗಿರಲಿಲ್ಲ. ಗೀರು ಮಂಡಿಯನ್ನು ದಾಟಿ ಮೇಲೆ ಹೋಗಿ, ಬಾಗಿ, ಎಲೆಯ ತುದಿಯಂತೆ ಮೊನೆಯಾಗಿ ಕೆಳಗಿಳಿದಿತ್ತು. ನಾಲ್ಕು ಕಾಲಲ್ಲೂ ಒಂದೇ ಬಾಗು. ಅಳತೆ ನೋಡಿ ಕೊಯ್ದದ್ದಲ್ಲ, ಕೈಗೆ ರೂಢಿಯಾದದ್ದು.

ಹೀಗೆ ಕೊಯ್ದರೆ ಕಾಲುತೊಗಲಿಗೆ ಮೇಲೊಂದು ನಾಲಗೆ ಉಳಿಯುತ್ತದೆ. ಬೂಟಿನ ಕತ್ತಿನ ಹತ್ತಿರ ತೇಪೆ ಹಾಕುವ ಕೆಲಸ ತಪ್ಪುತ್ತದೆ. ಮೈತೊಗಲು ಸ್ವಲ್ಪ ಕಡಿಮೆಯಾಗುತ್ತದೆಂದು ಉಳಿದವರು ಯಾರೂ ಹೀಗೆ ಕೊಯ್ಯುವುದಿಲ್ಲ.

ಒಬ್ಬಳು ಕೊಯ್ಯುತ್ತಾಳೆ. ಸುನ್ನಾಳಷ್ಟಿದ್ದಾಗ ರಾವ್ನಾ ಅವಳ ಪಕ್ಕದಲ್ಲಿ ಕೂತು ಕಾಲು ಹಿಡಿದುಕೊಂಡಿರುತ್ತಿದ್ದಳು. "ನಾಲ್ಕು ಬೆರಳು ಹೆಚ್ಚಿಗೆ ತಗೋ ಮಗಳೇ, ಬೂಟು ಒಂದು ಚಳಿಗಾಲ ಹೆಚ್ಚಿಗೆ ಬಾಳುತ್ತೆ," ಎನ್ನುತ್ತಿದ್ದಳು ಅಮ್ಮ. ಆ ಬಾಗನ್ನು ರಾವ್ನಾ ಕಣ್ಣು ಮುಚ್ಚಿಕೊಂಡೂ ಗುರುತಿಸಬಲ್ಲಳು.

ಅವಳಿಗೆ ತಿಳಿಯುವ ಮೊದಲೇ ಅವಳ ಅಂಗೈ ಆ ಅಂಚಿನ ಮೇಲೆ ಕೂತು ಅದನ್ನು ಮುಚ್ಚಿತ್ತು.

ತಲೆಯೆತ್ತಿದಳು. ರಿಸ್ತೆನ್ ಅವಳ ಕೈಯನ್ನೇ ನೋಡುತ್ತಿದ್ದಳು. ಇಬ್ಬರ ಕಣ್ಣೂ ಕೂಡಿದ್ದೇ ರಿಸ್ತೆನ್ ಮುಖ ತಿರುಗಿಸಿ, ಕುದಿಯದ ಕಡಾಯಿಯಲ್ಲಿ ಕೋಲು ಆಡಿಸತೊಡಗಿದಳು.

ಇವಳಿಗೆ ಗೊತ್ತು! ತೊಗಲು ಮೇಲೆ ಬಂದ ದಿನದಿಂದಲೂ ಗೊತ್ತು. ಮೊದಲು ಚಾಕು ಹಿಡಿಯಲು ಕಲಿತದ್ದೇ ಮಾರ್ಗೆತ್‌ಳ ಅಂಗಳದಲ್ಲಿ. ಗೊತ್ತಿದ್ದೂ ಇಡೀ ಕಣಿವೆಯ ಬಾಯಲ್ಲಿ ಕಳ್ಳಿ ಎನಿಸಿಕೊಂಡು ತುಟಿ ಬಿಚ್ಚದೆ ಕೂತಿದ್ದಾಳೆ.

"ಯಾಕೆ ಸುಮ್ನಾದೆ?" ಎಂದ ಹೆಯ್ಕಾ.

"ಏನಿಲ್ಲ." ರಾವ್ನಾ ಕೈ ಸರಿಸಲಿಲ್ಲ. "ಇದು ಸುಲಿದಿದ್ದು ರಿಸ್ತೆನ್ ಅಲ್ಲ. ಅಷ್ಟು ಗಟ್ಟಿಯಾಗಿ ಹೇಳ್ತೀನಿ."

"ಹೇಗೆ ಹೇಳ್ತೀಯ?"

"ಕೊಯ್ದಿರೋ ರೀತಿ ಬೇರೆ."

"ಬೇರೆ ಅಂದ್ರೆ?"

"ಬೇರೆ ಕೈ, ದೊಡ್ಡಪ್ಪ."

ಹೆಯ್ಕಾ ಗಹಗಹಿಸಿ ನಕ್ಕ. ನಗು ನಿಂತ ಮೇಲೆ ಮುಖ ಗಟ್ಟಿಯಾಯಿತು. "ಸಂಜೆ ಕೂಟದಲ್ಲಿ ಎದ್ದು ನಿಂತು 'ಬೇರೆ ಕೈ' ಅಂತೀಯಾ? ನಗ್ತಾರೆ. ಶಾಲೆಯಲ್ಲಿ ಒಂದೇ ಬೆಂಚು, ಗೆಳತೀನ ಉಳಿಸೋಕೆ ಕತೆ ಕಟ್ಟಿದ್ಲು ಅಂತಾರೆ. ಹೆಸರು ಹೇಳು. ಹೆಸರಿಲ್ಲ ಅಂದ್ರೆ ತೊಗಲು ನನಗೆ ಕೊಡು, ನಾನು ಅವರ ಮುಂದೆ ಹರವ್ತೀನಿ. ಅವರೇ ನೋಡ್ಲಿ."

ಹರವಿದರೆ ಏನಾಗುತ್ತದೆ ಎಂದು ರಾವ್ನಾಳಿಗೆ ಗೊತ್ತು. ಗಂಡಸರು ಹೊಲಿಗೆಯ ಗಾಯ ನೋಡುತ್ತಾರೆ, ರಿಸ್ತೆನಳ ಗುರುತು ನೋಡುತ್ತಾರೆ, ಕೈ ಕೆಳಗಿಳಿಸುತ್ತಾರೆ. ಹೆಂಗಸರು ಕಾಲಿನ ಅಂಚು ನೋಡುತ್ತಾರೆ, ಸುಮ್ಮನೆ ಕೂರುತ್ತಾರೆ. ತಮ್ಮ ಕಾಲಿನ ಬೂಟು ಹೊಲಿದವಳ ಹೆಸರು ಹೇಳುವವರು ಯಾರು?

"ತನಿಖೆ ಮುಗಿಯೋವರೆಗೆ ತೊಗಲು ನನ್ನ ವಶದಲ್ಲಿರ್ಬೇಕು," ಎಂದಳು. ಕಾನೂನಿನ ಮಾತೇ. ಆದರೂ ಅವಳ ಕಿವಿಗೇ ಅದು ಬಾಡಿಗೆ ಮಾತಿನಂತೆ ಕೇಳಿಸಿತು.

"ಎಷ್ಟು ದಿನ ಬೇಕು ನಿನಗೆ? ಹಿಂಡು ಬಂದು, ಕಡಿದು, ತೊಗಲೆಲ್ಲ ಮತ್ತೆ ಗುಂಡಿಗೆ ಹೋಗೋವರೆಗಾ?"

"ಗುಂಡಿಗೆ ಹೋಗ್ಬೇಕು ಅಂತ ಕೂತಿರೋದು ನೀವು," ಎಂದಳು ರಿಸ್ತೆನ್ ಕಡಾಯಿಯ ಕಡೆ ನೋಡುತ್ತಲೇ.

"ನಾನ್ಯಾಕೆ ಕೂತ್ಕೊಳ್ಲಿ? ದಕ್ಷಿಣದ ಲಾರಿ ತೊಗಲು ತಂದು ಕೊಡುತ್ತೆ. ತರಿಸ್ಕೋ. ಮೇಲೆ ನಮ್ಮ ಕಣಿವೆ ಹೆಸರು ಹಾಕಿ ಮಾರು. ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಾಗುತ್ತೆ."

"ಓಹೋ."

"ಹ್ಞೂಂ. ಮಾರ್ಬಹುದು ಮಾವ. ಮಾರಲ್ಲ." ಕೋಲನ್ನು ಕಡಾಯಿಯ ಅಂಚಿಗೆ ಒರಗಿಸಿ ಅವಳು ಈ ಕಡೆ ತಿರುಗಿದಳು. "ರಾವ್ನಾ, ಕೊಟ್ಬಿಡು ಅವರಿಗೆ. ತಗೊಂಡು ಹೋಗ್ಲಿ."

"ರಿಸ್ತೆನ್..."

"ಕೊಡು ಅಂದೆನಲ್ಲ. ನಾನು ಮೀನು ಹಿಡ್ಕೊಂಡಾದ್ರೂ ಬದುಕ್ತೀನಿ. ನಿನಗೆ ಆ ಮನೇಲಿ ದಿನಾ ಒಟ್ಟಿಗೆ ಕೂತು ಊಟ ಮಾಡೋದಿದೆ."

ಹೆಯ್ಕಾನ ಕಣ್ಣು ಒಬ್ಬಳಿಂದ ಇನ್ನೊಬ್ಬಳಿಗೆ ಹೋಯಿತು, ಮತ್ತೆ ಬಂತು. ಹಿಮದಲ್ಲಿ ಹೆಜ್ಜೆ ಓದಿಕೊಂಡೇ ಮುದುಕನಾದವನು. ಎರಡು ಹೆಜ್ಜೆ ಎಲ್ಲಿ ಬೇರೆಯಾದವು ಎಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಯಾವ ಮನೇಲಿ?" ಎಂದ.

ರಾವ್ನಾಳ ಅಂಗೈ ಇನ್ನೂ ತೊಗಲಿನ ಮೇಲೇ ಇತ್ತು. ಅದರಡಿಯ ಬಾಗು ಒದ್ದೆಯಾಗಿ, ತಣ್ಣಗೆ, ಕೈಗೆ ಹತ್ತುತ್ತಿತ್ತು. ಕೈ ಎತ್ತಿದರೆ ಗೆಳತಿ ಉಳಿಯುತ್ತಾಳೆ. ಎತ್ತದಿದ್ದರೆ ಅಮ್ಮ ಉಳಿಯುತ್ತಾಳೆ. ಅಮ್ಮ ತನ್ನ ಮೈದುನನೋ ಭಾವನೋ ಎಂದು ನೋಡದೆ ಸತ್ಯ ಹೇಳುವವಳು, ಬೇರೆಯವರ ಹುಲ್ಲುಕಡ್ಡಿ ಮುಟ್ಟದವಳು. ಅಂಥವಳು ಏಪ್ರಿಲಿನ ಹಿಮದಲ್ಲಿ ಭಾವನ ಸಾರಂಗವನ್ನು ಯಾಕೆ ಕೊಲ್ಲುತ್ತಾಳೆ? ಕೊಂದವರು ಬೇರೆಯೇ, ಅಮ್ಮ ಸುಲಿದುಕೊಟ್ಟದ್ದು ಮಾತ್ರವೇ? ಮೊದಲು ಮನೆಗೆ ಹೋಗಿ ಅಮ್ಮನನ್ನೇ ಕೇಳಬೇಕು. ಒಂದು ಗಂಟೆ ಸಿಕ್ಕರೆ ಸಾಕು.

"ನಿನ್ನನ್ನೇ ಕೇಳ್ತಿರೋದು ಹುಡುಗಿ. ಕೈ ತೆಗಿ. ಅಲ್ಲೇನಿದೆ ನೋಡ್ತೀನಿ."

"ದೊಡ್ಡಪ್ಪ, ಮಧ್ಯಾಹ್ನದ ಹೊತ್ತಿಗೆ ನಾನೇ ನಿಮ್ಮ ಮನೆಗೆ ಬಂದು..."

"ಕೈ ತೆಗಿ ಅಂದೆ."

ತೊಗಲಿನ ಆ ತುದಿ ಸಡಿಲವಾಯಿತು. ಇಷ್ಟು ಹೊತ್ತೂ ಹೇಳಿದ ಹಾಗೆ ಎಳೆಯದೆ ಹಿಡಿದುಕೊಂಡಿದ್ದ ಸುನ್ನಾ ಅದನ್ನು ಮೆಲ್ಲಗೆ ತೊಲೆಯ ಮೇಲೆ ಬಿಟ್ಟು, ಕೈಯನ್ನು ಜಾಕೀಟಿಗೆ ಒರೆಸಿಕೊಂಡು, ತಾಯಿಯ ಪಕ್ಕಕ್ಕೆ ಬಂದಳು. ಕಾಲಿನ ಅಂಚನ್ನು ಬಗ್ಗಿ ನೋಡಿದಳು. ತಾಯಿಯ ಬೆರಳುಗಳ ಸಂದಿಯಿಂದ ಮೊನೆಯೊಂದು ಹೊರಗೆ ಕಾಣುತ್ತಿತ್ತು.

"ಅಮ್ಮಾ, ಈಗ ಕೇಳ್ಲಾ?"

"ಸುನ್ನಾ, ಜೀಪಲ್ಲಿ ಹೋಗಿ ಕೂತ್ಕೋ."

"ಆಮೇಲೆ ಕೇಳು ಅಂದಿದ್ದೆ. ಆಮೇಲೆ ಆಯ್ತಲ್ಲ."

"ಕೇಳ್ಲಿ ಬಿಡು," ಎಂದ ಹೆಯ್ಕಾ. ಅವನ ದನಿ ಈಗ ಬಹಳ ಮೆತ್ತಗಿತ್ತು. "ಕೇಳು ಪುಟ್ಟಿ. ಏನು?"

ಸುನ್ನಾ ಅವನ ಕಡೆ ನೋಡಲಿಲ್ಲ. ತಾಯಿಯ ಮುಖವನ್ನೇ ನೋಡುತ್ತ, ಬೇಸಿಗೆಯಿಡೀ ಹೊತ್ತು ತಿರುಗಿದ ಭಾರವೊಂದನ್ನು ಕೊನೆಗೂ ಕೆಳಗಿಳಿಸುವವಳಂತೆ ಕೇಳಿದಳು:

"ಅಜ್ಜಿ ಯಾವಾಗ್ಲೂ ಕಾಲುತೊಗಲನ್ನ ಹೊರಗೆ ಗೋಡೆಗೆ ಹೊಡೆದು ಒಣಗಿಸ್ತಾಳಲ್ಲ, ಈ ಸಲ ಮಾತ್ರ ನಾಲ್ಕನ್ನೂ ಮೀನಿನ ಕೋಣೆಯ ಅಟ್ಟದಲ್ಲಿ ಯಾಕಮ್ಮ ಬಚ್ಚಿಟ್ಟಿದಾಳೆ?"